ಹರೆಯದ ಇಲಿಗಳ ಸಾಕ್ಷಿ

ನ್ಯಾಮತಿಯಿಂದ ಹೊನ್ನಾಳಿಗೆ ಹೋಗುವ ಬಸ್ಸಿನಲ್ಲಿ ಈಚೆಗೆ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಕೂತಿದ್ದರು. ಒಬ್ಬರ ಮೊಬೈಲಿಗೆ ಕೊರೊನಾದ ಹೊಸ ತಳಿಯ ಸುದ್ದಿ ಬಂದಿತ್ತು. "ಏನಿಲ್ಲ ಬಿಡ್ರಿ, ಇದು ಮೈಲ್ಡ್ ಅಂತೆ. ಇಲಿ ಮೇಲೆ ಪ್ರಯೋಗ ಮಾಡಿ ನೋಡ್ಯಾರಂತೆ" ಎಂದರು ಅವರು. ಪಕ್ಕದವರು "ಹಂಗಾರೆ ಸರಿ" ಎಂದು ಶೇಂಗಾ ಸುಲಿಯುವುದನ್ನು ಮುಂದುವರಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. "ನೀವೇನು ಇಲಿಯೇನ್ರೀ?" ಎಂದು ಹಿಂದಿನಿಂದ ಜೋರಾಗಿಯೇ ಕೇಳಿಬಿಟ್ಟೆ. ಇಬ್ಬರೂ ತಿರುಗಿ ನೋಡಿದರು. "ಯಾಕ್ರೀ ಮೇಡಂ, ನಾನೇನಂದೆ?" ಎಂದರು ಮೊಬೈಲಿನವರು, ನಿಜಕ್ಕೂ ಗಾಬರಿಯಾಗಿ. ಅವರ ಮಗಳು ನಮ್ಮ ಹೈಸ್ಕೂಲಿನಲ್ಲಿ ನನ್ನ ಹತ್ತಿರವೇ ವಿಜ್ಞಾನ ಕಲಿಯುತ್ತಾಳೆ. ಮನೆಗೆ ಹೋಗಿ ಏನು ಹೇಳಿದರೋ ಏನೋ. ಹೇಳಲಿ ಬಿಡಿ.

ಈ ಸಿಟ್ಟಿಗೆ ಕಾರಣ ಆ ಮನುಷ್ಯರಲ್ಲ. ಟೀಚರ್ ಕೆಲಸಕ್ಕೆ ಬರುವ ಮುಂಚೆ ನಾನು ಒಂದು ದೊಡ್ಡ ಊರಿನ ಸಂಶೋಧನಾಲಯದಲ್ಲಿದ್ದೆ. ಅಲ್ಲಿನ ಪ್ರಾಣಿಮನೆಯಲ್ಲಿ ಇಲಿ ನೋಡಿಕೊಳ್ಳುವುದು ನನ್ನ ಕೆಲಸ. ಕೊರೊನಾದ ಯಾವ ತಳಿ ಇಲಿಗಳನ್ನು ಎಷ್ಟು ಕಾಡುತ್ತದೆ ಎಂದು ಹೋಲಿಸಿ ನೋಡುವ ಪ್ರಯೋಗ ಅಲ್ಲಿ ನಡೆದಾಗ, ದಿನವೂ ಆ ಇಲಿಗಳನ್ನು ಕೈಯಲ್ಲಿ ಹಿಡಿದು ತೂಗಿ ಅಂಕ ಹಾಕುತ್ತಿದ್ದವಳು ನಾನೇ. ಆದ್ದರಿಂದ ಇಲಿಗಳ ಹೆಸರು ಹೇಳಿಕೊಂಡು ಯಾರಾದರೂ ನೆಮ್ಮದಿಯಿಂದ ಕೂತರೆ ನನಗೆ ತಡೆಯುವುದಿಲ್ಲ.

ಕೆಲಸ ಹೇಗಿತ್ತೆಂದು ಹೇಳುತ್ತೇನೆ. ಒಳಗೆ ಹೋಗಬೇಕಾದರೆ ತಲೆಯಿಂದ ಕಾಲಿನವರೆಗೆ ಸೂಟು, ಎರಡು ಜೊತೆ ಕೈಗವಸು, ಮುಖಕ್ಕೆ ಗಾಳಿ ಊದುವ ಮುಸುಕು. ಮೂಗು ತುರಿಸಿದರೆ ಹೊರಗೆ ಬರುವವರೆಗೆ ಸಹಿಸಿಕೊಳ್ಳಬೇಕು. ಇಲಿಗಳು ಕಪ್ಪು ಬಣ್ಣದ ಪುಟ್ಟವು. ಕೊರೊನಾ ವೈರಸ್ಸು ಮನುಷ್ಯನ ಜೀವಕೋಶದೊಳಕ್ಕೆ ಯಾವ ಬಾಗಿಲಿನಿಂದ ನುಗ್ಗುತ್ತದೋ ಆ ಬಾಗಿಲು ಇವುಗಳ ಮೈಯಲ್ಲೂ ಇರುವ ಹಾಗೆ ತಳಿ ಬೆಳೆಸಿರುತ್ತಾರೆ. ಒಂದು ಗುಂಪಿನ ಮೂಗಿಗೆ ಮೊದಲ ವರ್ಷದ ವೈರಸ್ಸು, ಇನ್ನೊಂದಕ್ಕೆ ಡೆಲ್ಟಾ, ಮತ್ತೊಂದಕ್ಕೆ ಹೊಸದಾಗಿ ಬಂದಿದ್ದ ಓಮಿಕ್ರಾನ್. ಆಮೇಲೆ ಪ್ರತಿದಿನ ಅದೇ ಹೊತ್ತಿಗೆ ಒಂದೊಂದನ್ನೇ ಡಬ್ಬಿಯಲ್ಲಿ ಕೂರಿಸಿ ತೂಗಬೇಕು. ರೋಮ ನಿಗುರಿದೆಯೇ, ಕಣ್ಣು ಅರ್ಧ ಮುಚ್ಚಿದೆಯೇ, ಬೆನ್ನು ಗೂನಾಗಿದೆಯೇ, ಉಸಿರಿಗೆ ಪಕ್ಕೆ ಎಳೆಯುತ್ತಿದೆಯೇ ಎಂದು ನೋಡಿ ಒಂದೊಂದಕ್ಕೂ ಅಂಕ. ತೂಕ ಒಂದು ಮಿತಿಗಿಂತ ಕೆಳಗೆ ಹೋದರೆ ಆ ಇಲಿಯನ್ನು ನೋವಿಲ್ಲದಂತೆ ಮುಗಿಸಬೇಕು. ಅದನ್ನೂ ನಾನೇ ಮಾಡುತ್ತಿದ್ದೆ.

ಆ ಕೆಲಸ ನನಗೆ ಬೇಗ ಕೈಹತ್ತಿತು. ಎಂಎಸ್ಸಿ ಓದಿದ್ದಕ್ಕಲ್ಲ, ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ಕುರಿಗಳ ನಡುವೆ ಬೆಳೆದಿದ್ದಕ್ಕೆ. ಹೆತ್ತವಳು ನಾನು ನಡೆಯುವ ಮೊದಲೇ ತೀರಿಕೊಂಡಿದ್ದಳು. ಅವಳ ಅಕ್ಕ, ನನ್ನ ದೊಡ್ಡವ್ವ, ತನ್ನ ಮಗನ ಜೊತೆಗೆ ನನ್ನನ್ನೂ ಸಾಕಿದಳು. ಗಂಡ ಸತ್ತ ಮೇಲೆ ಗಂಡಸರ ಸರಿಸಮ ಕಂಬಳಿ ಹೊದ್ದು ಕುರಿ ಹಿಂದೆ ತಿರುಗಿದ ಹೆಂಗಸು ಅವಳು. ಕುರಿಗೆ ಹುಷಾರಿಲ್ಲ ಎಂಬುದನ್ನು ಅವಳು ಕಣ್ಣಿಗಿಂತ ಮೊದಲು ಕೈಯಲ್ಲಿ ಕಂಡುಹಿಡಿಯುತ್ತಿದ್ದಳು. ಪಕ್ಕೆಲುಬು ಮುಗಿದ ಮೇಲೆ ಬೆನ್ನಿನ ಮೂಳೆ ಸಿಗುತ್ತದಲ್ಲ, ಅಲ್ಲಿ ಹೆಬ್ಬೆಟ್ಟು ಒತ್ತಿ, "ಇಲ್ಲಿ ನೋಡು, ಮೂಳೆ ಕೈಗೆ ಚುಚ್ಚತೈತೆ. ಇದು ನಾಕು ದಿನದಿಂದ ಮೇದಿಲ್ಲ" ಎನ್ನುತ್ತಿದ್ದಳು. ಪ್ರಾಣಿಮನೆಯಲ್ಲಿ ನಾನೂ ತಕ್ಕಡಿಗೆ ಹಾಕುವ ಮೊದಲು ಇಲಿಯ ಬೆನ್ನು ಮುಟ್ಟಿ ನೋಡುತ್ತಿದ್ದೆ. ನನ್ನ ಅಂದಾಜು ತಪ್ಪುತ್ತಿದ್ದುದು ಕಡಿಮೆ. ನಮ್ಮ ಮುಖ್ಯಸ್ಥರು ಬೇರೆಯವರ ಮುಂದೆ ಅದನ್ನು ಹೊಗಳಿದರೆ ನಾನು ಉಬ್ಬಿಹೋಗುತ್ತಿದ್ದೆ.

ಫಲಿತಾಂಶ ಕಣ್ಣಿಗೆ ಹೊಡೆದು ಕಾಣುವಂತಿತ್ತು. ಮೊದಲ ವೈರಸ್ಸಿನ ಇಲಿಗಳೂ ಡೆಲ್ಟಾ ಇಲಿಗಳೂ ಕೆಲವೇ ದಿನಗಳಲ್ಲಿ ಸೊರಗಿ ಮೂಲೆ ಹಿಡಿದವು. ಓಮಿಕ್ರಾನ್ ಇಲಿಗಳು ಮಾತ್ರ ಏನೂ ಆಗಿಲ್ಲವೆಂಬಂತೆ ತಿಂದುಕೊಂಡು, ಮುಚ್ಚಳ ತೆಗೆದರೆ ಕೈಗೇ ಹತ್ತಲು ಬರುತ್ತಿದ್ದವು. ಎರಡು ವರ್ಷ ಸತ್ತ ಇಲಿಗಳನ್ನೇ ಚೀಲಕ್ಕೆ ಹಾಕಿದ್ದ ನನಗೆ ಅವನ್ನು ನೋಡಿ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೇ ಬಂದದ್ದು.

ಆದರೆ ಇನ್ನೊಂದು ಪಂಜರವಿತ್ತು. ಒಮ್ಮೆ ಹರೆಯದ ಇಲಿಗಳು ಸಾಲದೆ ಬಂದಾಗ, ಮರಿ ಹಾಕಿಸಿ ಮುಗಿದಿದ್ದ ಮುದಿ ಇಲಿಗಳು ಕೆಲವಕ್ಕೆ ಓಮಿಕ್ರಾನ್ ಕೊಟ್ಟಿದ್ದೆವು. ಐದಾರು ದಿನಕ್ಕೆಲ್ಲ ಅವುಗಳ ಬೆನ್ನು ಬಾಗಿತು, ಉಸಿರಿಗೆ ಪಕ್ಕೆ ಎಳೆಯತೊಡಗಿತು. ಮುಟ್ಟಿದರೆ ಮೂಳೆ. ನಾನು ಅಂಕ ಬರೆದುಕೊಟ್ಟೆ. ಮುಖ್ಯಸ್ಥರು ನೋಡಿ, "ಇವುಗಳ ವಯಸ್ಸೇ ಬೇರೆ. ಈ ಪಟ್ಟಿಯಲ್ಲಿ ಸೇರಿಸೋ ಹಾಗಿಲ್ಲ. ಮುಂದೆ ಮುದಿ ಇಲಿಗಳದ್ದೇ ಪ್ರತ್ಯೇಕವಾಗಿ ಮಾಡೋಣ" ಎಂದರು. ಅವರು ಹೇಳಿದ್ದು ಶಾಸ್ತ್ರದ ಪ್ರಕಾರ ಸರಿ. ಹೋಲಿಸುವಾಗ ವಯಸ್ಸು ಒಂದೇ ಇರಬೇಕು ಎಂದು ನಾನೇ ಈಗ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸುತ್ತೇನೆ. ಆ ಪಂಜರದ ಕಾಗದ ಬೇರೆ ಫೈಲಿಗೆ ಹೋಯಿತು. ನನ್ನ ತಲೆಯಿಂದಲೂ ಅಲ್ಲಿಗೇ ಹೋಯಿತೆಂದು ಕಾಣುತ್ತದೆ.

ಅದೇ ಚಳಿಗಾಲದಲ್ಲಿ ಒಂದು ಭಾನುವಾರ ಮಧ್ಯಾಹ್ನ ಅಣ್ಣ ಫೋನ್ ಮಾಡಿದ. ಅಣ್ಣ ಎಂದರೆ ದೊಡ್ಡವ್ವನ ಮಗ. ಬಿಳಿಚೋಡಿಂದ ಜಗಳೂರಿಗೆ ಲಗೇಜ್ ಆಟೋ ಓಡಿಸುತ್ತಾನೆ. ಅವನ ಹೆಂಡತಿಯ ತವರು ಚನ್ನಗಿರಿ ಕಡೆಯ ಉಬ್ರಾಣಿ. ಅಲ್ಲಿ ಅವಳ ತಂಗಿಯ ಮದುವೆ ಗೊತ್ತಾಗಿತ್ತು.

ಇಲ್ಲಿ ದೊಡ್ಡವ್ವನ ವಿಷಯ ಹೇಳಬೇಕು. ಅವಳಿಗೆ ದಮ್ಮು. ಉಸಿರಿಗೆ ಎಳೆದುಕೊಳ್ಳುವ ಪಂಪು ಸೆರಗಿನ ಗಂಟಿನಲ್ಲೇ ಇರುತ್ತಿತ್ತು. ಮೊದಲ ಎರಡು ಅಲೆಗಳಲ್ಲಿ ಅವಳು ಊರೊಳಗೆ ಕಾಲಿಡಲಿಲ್ಲ. ಕುರಿಗಳ ಜೊತೆ ಹೊಲದಲ್ಲೇ ಉಳಿದಳು. ಸೊಸೆ ಬದುವಿನ ಮೇಲೆ ಬುತ್ತಿ ಇಟ್ಟು ದೂರ ನಿಂತರೆ ಆಮೇಲೆ ಬಂದು ತಿನ್ನುತ್ತಿದ್ದಳು. ಊರಲ್ಲಿ ಸಾಲಾಗಿ ಹೆಣ ಎದ್ದಾಗಲೂ ಅವಳಿಗೆ ಒಂದು ಕೆಮ್ಮು ಬರಲಿಲ್ಲ. ಹಾಗೆ ದೂರ ಇರು ಎಂದು ಹೇಳಿಕೊಟ್ಟವಳೂ ನಾನೇ. ಲಸಿಕೆ ಒಂದು ಡೋಸು ಹಾಕಿಸಿಕೊಂಡಿದ್ದಳು, ಆಮೇಲೆ ಎರಡು ದಿನ ಜ್ವರ ಬಂತೆಂದು ಇನ್ನೊಂದಕ್ಕೆ ಹೋಗಿರಲಿಲ್ಲ.

"ಅವ್ವನ್ನ ಮದುವಿಗೆ ಕರ್ಕಂಡು ಹೋಗಬೌದಾ ತಂಗಿ? ಬೀಗರು ಒಂದೇ ಸಮ ಕರೀತಾ ಅದಾರೆ. ಅವ್ವ ಮಾತ್ರ ನೀನು ಹೂಂ ಅಂದ್ರೆ ಬರ್ತೀನಿ ಅಂತಾಳೆ" ಎಂದ ಅಣ್ಣ.

ನಾನು ಹೂಂ ಎಂದೆ. ಬರೀ ಹೂಂ ಎಂದಿದ್ದರೂ ಆಗುತ್ತಿತ್ತೇನೋ. ದೊಡ್ಡ ಭಾಷಣವನ್ನೇ ಬಿಗಿದೆ. "ಈ ಸಲದ್ದು ಲಘು ಐತೆ ಅಣ್ಣ. ಪೇಪರಿನೋರು ಹೇಳೋದಲ್ಲ, ನಾನೇ ಕೈಯಾರೆ ನೋಡ್ತಾ ಇದೀನಿ. ಡೆಲ್ಟಾ ಕೊಟ್ಟ ಇಲಿ ಸಾಯ್ತಾವೆ, ಇದನ್ನ ಕೊಟ್ಟ ಇಲಿ ಕುಣೀತಾವೆ" ಎಂದೆ. ಪ್ರಯೋಗ ಮುಗಿಯುವವರೆಗೆ ಹೊರಗೆ ಬಾಯಿಬಿಡಬಾರದೆಂದು ನಮಗೆಲ್ಲ ಹೇಳಿದ್ದರು. ಆದರೆ ಇಡೀ ದೇಶಕ್ಕೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂದು ಊರಿಗೆ ತೋರಿಸಿಕೊಳ್ಳುವ ಚಪಲ ಇತ್ತಲ್ಲ, ಅದನ್ನು ನೆನೆದರೆ ನನ್ನ ಬಾಯಿಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಅಣ್ಣ, "ಅಂದ್ರೆ ಮುಂದ್ ಬಿಟ್ಟು ನೋಡೀರಿ ಅನ್ನು" ಎಂದ.

ಅದು ಕುರಿಯವರ ಮಾತು. ಜೋಳ ಕೊಯ್ದ ಹೊಲದಲ್ಲಿ ಕೂಳೆ ಚಿಗುರಿದಾಗ ಆ ಎಳೆ ಚಿಗುರು ಕೆಲವು ಸಲ ವಿಷವಾಗಿರುತ್ತದೆ. ತಿಂದ ಕುರಿ ನಿಂತಲ್ಲೇ ಹೊಟ್ಟೆ ಉಬ್ಬಿ ಬಿದ್ದುಹೋಗುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಹೊಸ ಹೊಲಕ್ಕೆ ಮಂದೆ ಇಳಿಸುವ ಮೊದಲು ಎರಡು ಕುರಿ ಮುಂದೆ ಬಿಡುತ್ತಿದ್ದರು. ಅವು ಮೇದು ಅರಾಮಾಗಿ ನಿಂತರೆ ಉಳಿದವನ್ನು ಬಿಡುವುದು. ಎಷ್ಟೋ ಓದಿದವರಿಗೆ ಇಲಿಯ ಪ್ರಯೋಗ ಯಾಕೆ ಎಂದು ಬಿಡಿಸಿ ಹೇಳಬೇಕು. ನಮ್ಮಣ್ಣನಿಗೆ ಒಂದೇ ಉಸಿರಿಗೆ ಅರ್ಥವಾಯಿತು. ನನಗೆ ಖುಷಿಯೋ ಖುಷಿ. "ಹೂಂ ಅಣ್ಣ, ಅಷ್ಟೇ. ಮುಂದ್ ಬಿಟ್ಟು ನೋಡೀವಿ" ಎಂದೆ.

ಫೋನು ಸ್ಪೀಕರಿನಲ್ಲಿತ್ತು ಎಂದು ಆಮೇಲೆ ತಿಳಿಯಿತು. ದೊಡ್ಡವ್ವ ಅಲ್ಲೇ ಬಾಗಿಲ ಪಕ್ಕ ಕೂತು ಕೇಳಿಸಿಕೊಂಡಿದ್ದಳು. ಮುಂದ್ ಬಿಟ್ಟು ನೋಡ್ಯಾರೆ ಎಂದ ಮೇಲೆ ಅವಳದ್ದು ಬೇರೆ ಮಾತೇ ಇರಲಿಲ್ಲ. ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದಳಂತೆ.

ಮದುವೆ ಚೆನ್ನಾಗಿ ಆಯಿತು. ಅಕ್ಕಿಕಾಳು ಹಾಕುವಾಗ ದೊಡ್ಡವ್ವ ಬಾಯಿ ತುಂಬ ನಗುತ್ತಿರುವ ಫೋಟೋ ಅಣ್ಣ ಕಳಿಸಿದ. ಸುತ್ತ ಒಬ್ಬರ ಮುಖಕ್ಕೂ ಮಾಸ್ಕ್ ಇಲ್ಲ. ನಾನು ಅದಕ್ಕೆ ಹೃದಯದ ಚಿಹ್ನೆ ಒತ್ತಿ ಕಳಿಸಿದ್ದೆ. ಆ ಫೋಟೋವನ್ನು ಈಗಲೂ ಅಳಿಸಲು ಆಗಿಲ್ಲ, ನೋಡಲೂ ಆಗಿಲ್ಲ.

ಊರಿಗೆ ಬಂದು ಮೂರು ದಿನಕ್ಕೆ ಮನೆಯ ದೊಡ್ಡವರಿಗೆಲ್ಲ ನೆಗಡಿ, ಮೈಕೈ ನೋವು. ಅಣ್ಣ ಒಂದೇ ದಿನ ಮಲಗಿ ಎದ್ದ. ಅತ್ತಿಗೆ ಎರಡು ದಿನ. ಮಕ್ಕಳಿಗೆ ಏನೂ ಆಗಲಿಲ್ಲ. "ನೀನಂದಂಗೇ ಆತು, ಲಘು" ಎಂದು ಅಣ್ಣ ಫೋನಿನಲ್ಲಿ ನಕ್ಕ. ದೊಡ್ಡವ್ವ ಹೇಗಿದ್ದಾಳೆ ಎಂದೆ. "ಅವ್ವಂದೂ ಅದೇ. ಪಂಪು ವಸಿ ಜಾಸ್ತಿ ಎಳೀತಾಳೆ. ಏಳ್ತಾಳೆ ಬಿಡು" ಎಂದ. ಏಳುತ್ತಾಳೆ ಎಂದು ನಾನೂ ಬಿಟ್ಟೆ. ಮುದಿ ಇಲಿಗಳ ಪಕ್ಕೆ ಎಳೆಯುವುದನ್ನು ಕಣ್ಣಾರೆ ಕಂಡು ಅಂಕ ಬರೆದ ಹೆಂಗಸು, ನಾಲ್ಕು ದಿನ ಹಾಗೇ ಬಿಟ್ಟೆ. ಐದನೆಯ ದಿನ ಅಣ್ಣನ ದನಿ ಬದಲಾಗಿತ್ತು. "ಅವ್ವಂಗೆ ಮಾತಾಡಾಕೂ ಆಗವಲ್ದು" ಎಂದ. ನಾನು ಫೋನಿನಲ್ಲೇ ಕಿರುಚಿದೆ. ಇಷ್ಟು ದಿನ ಏನು ಮಾಡುತ್ತಿದ್ದೆ, ನಿನಗೆ ಬುದ್ಧಿ ಇಲ್ಲವಾ ಎಂದು ಬಾಯಿಗೆ ಬಂದಂತೆ ಬೈದೆ. ಅವನು ಒಂದೇ ಮಾತು ಹೇಳಿದ: "ನೀನು ಲಘು ಅಂದಿದ್ದಿ ಅಂತ ಕಾದೆ ತಂಗಿ." ಜಗಳ ಕಾಯುವ ದನಿಯಲ್ಲ, ಕಾರಣ ಹೇಳುವ ದನಿ.

ಅವರು ಅವಳನ್ನು ಲಗೇಜ್ ಆಟೋದಲ್ಲೇ ಹಾಸಿಗೆ ಹಾಸಿ ಜಗಳೂರಿಗೆ ಕರೆದೊಯ್ದರು. ಅಲ್ಲಿ ನೋಡಿ ಕೂಡಲೇ ದಾವಣಗೆರೆಗೆ ಕಳಿಸಿದರು. ನಾನು ಮರುದಿನ ಬೆಳಿಗ್ಗೆ ಆಸ್ಪತ್ರೆ ತಲುಪಿದೆ. ಸೂಟು ಹಾಕಿಕೊಂಡು ಅಭ್ಯಾಸವಿದ್ದವಳು ಎಂದು ಕೇಳಿಕೊಂಡದ್ದಕ್ಕೆ ವಾರ್ಡಿನ ನರ್ಸ್ ಕರುಣೆ ತೋರಿ ಸ್ವಲ್ಪ ಹೊತ್ತು ಒಳಗೆ ಬಿಟ್ಟರು. ಪ್ರಾಣಿಮನೆಗೆ ಹೋಗುವ ಹಾಗೆಯೇ ಎರಡು ಜೊತೆ ಕೈಗವಸು ಹಾಕಿಕೊಂಡು ದೊಡ್ಡವ್ವನ ಹತ್ತಿರ ಹೋದೆ.

ಅವಳು ಗೂನಾಗಿ ಮುಂದಕ್ಕೆ ಬಾಗಿ ಕೂತಿದ್ದಳು, ಒರಗಿದರೆ ಉಸಿರು ಬರುತ್ತಿರಲಿಲ್ಲ. ದಿಂಬು ಸರಿಮಾಡಲು ಬೆನ್ನ ಹಿಂದೆ ಕೈ ಹಾಕಿದೆ. ಒಂದು ವಾರದಲ್ಲಿ ಆ ಬೆನ್ನು ಅಷ್ಟು ಇಳಿದುಹೋಗಬಹುದೆಂದು ನಾನು ನಂಬಿರಲಿಲ್ಲ. ಕೈ ತೆಗೆಯಲು ಆಗಲಿಲ್ಲ. ಅವಳು ಆಮ್ಲಜನಕದ ಮುಸುಕನ್ನು ಒಂದು ಬದಿಗೆ ಸರಿಸಿದಳು. ಬೇಡ ಎಂದರೂ ಕೇಳಲಿಲ್ಲ.

"ಮುಂದ್ ಬಿಟ್ಟಿದ್ರಲ್ಲ, ಅವು ಎಂಥಾ ಇಲಿ?" ಎಂದಳು. ಉಸಿರು ಎಳೆದುಕೊಂಡು, "ಹರೇದವಾ, ಮುದೀವಾ?"

"ಹರೇದವು ದೊಡ್ಡವ್ವ."

ಅವಳು ನನ್ನನ್ನು ನೋಡಿದಳು. ಸಿಟ್ಟಾಗಿರಲಿಲ್ಲ. ಲೆಕ್ಕ ತಪ್ಪಿದ ಮಗುವನ್ನು ನೋಡುವ ಹಾಗೆ ನೋಡಿದಳು. "ಹಂಗಾರೆ ಮುದಿ ಕುರೀನ ಯಾಕೆ ಬಿಟ್ರಿ?" ಎಂದು ಮುಸುಕನ್ನು ತಾನೇ ಸರಿಮಾಡಿಕೊಂಡಳು.

ಆಗ ನೆನಪಾಯಿತು. ಎರಡು ಕುರಿ ಮುಂದೆ ಬಿಡುವುದು ಆ ಪದ್ಧತಿಯ ಅರ್ಧ ಮಾತ್ರ. ಇನ್ನರ್ಧ ದೊಡ್ಡವ್ವನದು. ಮುಂದೆ ಬಿಟ್ಟವು ಗಟ್ಟಿ ಕುರಿಗಳು, ಅವು ದಕ್ಕಿಸಿಕೊಂಡಿದ್ದು ಎಲ್ಲಕ್ಕೂ ದಕ್ಕುತ್ತದೆಂದು ತಿಳಿಯಬೇಡಿ ಎಂದು ಅವಳು ಮುದಿ ಕುರಿ, ಗಬ್ಬದ ಕುರಿಗಳನ್ನು ಬೇರೆ ಮಾಡಿ ಆ ಹೊಲಕ್ಕೆ ಬಿಡದೆ ಕಟ್ಟಿಹಾಕಿ ಒಣಮೇವು ಹಾಕುತ್ತಿದ್ದಳು. ಸಣ್ಣವಳಿದ್ದಾಗ ಆ ಕುರಿಗಳನ್ನು ಬೇರೆ ಮಾಡುತ್ತಿದ್ದವಳು ನಾನೇ. ಓದು ಬರಹ ಇಲ್ಲದ ಹೆಂಗಸು ಹೊಲದ ಬದುವಿನಲ್ಲಿ ಮಾಡುತ್ತಿದ್ದ ಕೆಲಸವನ್ನು ನಾನು ಅಷ್ಟು ಓದಿ, ಅಷ್ಟು ಸೂಟು ಬೂಟು ಹಾಕಿ, ಮಾಡದೆ ಹೋದೆ.

ಎರಡು ದಿನ ಬಿಟ್ಟು ದೊಡ್ಡವ್ವ ಹೋದಳು. ಮಧ್ಯಾಹ್ನ ಊಟದ ಹೊತ್ತು. ಅಣ್ಣ ಮೂಲೆಯಲ್ಲಿ ಕೂತು ಎದೆ ಎದೆ ಬಡಿದುಕೊಂಡ. ಮಣ್ಣಿಗೆ ಬಂದವರಲ್ಲಿ ಒಬ್ಬರು, "ಅದಕ್ಕೆಲ್ಲ ಅಲ್ಲ ಬಿಡ್ರಿ, ಆವಮ್ಮಂಗೆ ಮೊದ್ಲೇ ದಮ್ಮು ಇತ್ತು. ಈ ಸಲದ ಕೊರೊನಾ ಏನೂ ಇಲ್ಲ" ಎಂದರು. ದಮ್ಮು ಇದ್ದವರು ಮನುಷ್ಯರಲ್ಲವಾ ಎಂದು ನಾನು ಕೇಳಿದ್ದಕ್ಕೆ, ಹೆಣ ಮನೆಯಲ್ಲಿಟ್ಟುಕೊಂಡು ಜಗಳ ಯಾಕೆ ಎಂದು ಹಿರಿಯರು ನನ್ನನ್ನೇ ಗದರಿದರು.

ತಿಥಿ ಮುಗಿಸಿ ಕೆಲಸಕ್ಕೆ ಮರಳಿದ ಮೇಲೆ ಆ ಪ್ರಯೋಗದ ಬರಹ ತಯಾರಾಗುತ್ತಿತ್ತು. ಮುಖ್ಯಸ್ಥರು ಪರದೆಯ ಮೇಲೆ ಸಾರಾಂಶ ತೋರಿಸಿದರು. ಕೊರೊನಾದ ಹೊಸ ತಳಿಯು ಇಲಿಗಳಲ್ಲಿ ಲಘು ರೋಗ ಉಂಟುಮಾಡುತ್ತದೆ ಎಂದಿತ್ತು. ನಾನು ಎದ್ದು ನಿಂತೆ. "ಹರೆಯದ ಇಲಿಗಳಲ್ಲಿ ಅಂತ ಬರೀರಿ ಸರ್" ಎಂದೆ. ವಯಸ್ಸು ಒಳಗೆ ವಿಧಾನದ ಭಾಗದಲ್ಲಿ ಇದೆಯಲ್ಲ ಎಂದರು. ಅದನ್ನು ಯಾರು ಓದುತ್ತಾರೆ ಎಂದು ನಾನು ದನಿ ಏರಿಸಿದೆ. ಕೂತಿದ್ದವರೆಲ್ಲ ತಲೆ ತಗ್ಗಿಸಿದರು. ಮುಖ್ಯಸ್ಥರು ಸಿಟ್ಟಾಗಲಿಲ್ಲ. "ಓದಬೇಕಾದವರು ಓದ್ತಾರಮ್ಮ" ಎಂದರು.

"ನಮ್ಮಣ್ಣ ಓದಲ್ಲ ಸರ್."

"ನಿಮ್ಮಣ್ಣನಿಗೆ ಹೇಳಿದ್ದು ಈ ಬರಹ ಅಲ್ಲವಲ್ಲ" ಎಂದರು ಅವರು, ತುಂಬ ಮೆತ್ತಗೆ.

ಅವರ ಕಪಾಳಕ್ಕೆ ಹೊಡೆಯಬೇಕೆಂದು ನನಗೆ ಅನಿಸಿತು. ಹೇಳಿದ್ದು ನಿಜವಾದ್ದರಿಂದ ಇನ್ನೂ ಹೆಚ್ಚಾಗಿ ಅನಿಸಿತು. ಸಾರಾಂಶಕ್ಕೆ ಆಮೇಲೆ ಅವರು ಆ ಪದ ಸೇರಿಸಿದರು, ಅದನ್ನೂ ಹೇಳಬೇಕು. ಅದರಿಂದ ನನಗೆ ಸಮಾಧಾನವೇನೂ ಆಗಲಿಲ್ಲ. ಆ ವರ್ಷ ಮುಗಿಯುವುದರೊಳಗೆ ಕೆಲಸ ಬಿಟ್ಟು ಬಿಎಡ್ ಸೇರಿದೆ. ಇಲಿಗಳ ಮೇಲೆ ನನಗೆ ಸಿಟ್ಟಿಲ್ಲ. ಕೇಳಿದ್ದಕ್ಕೆ ಅವು ಸರಿಯಾಗಿಯೇ ಉತ್ತರ ಕೊಟ್ಟವು, ಮುದಿ ಇಲಿಗಳು ಕೂಡ.

ಅಣ್ಣ ನನ್ನನ್ನು ಒಂದು ದಿನವೂ ದೂರಲಿಲ್ಲ. ಅವ್ವನ ಟೈಮು ಮುಗಿದಿತ್ತು ಎನ್ನುತ್ತಾನೆ. ಅದು ನನಗೆ ಎಲ್ಲಕ್ಕಿಂತ ಕಷ್ಟ. ಬೈದಿದ್ದರೆ ತಿರುಗಿ ಬೈದು, ಅತ್ತು, ಹೇಗೋ ಮುಗಿಯುತ್ತಿತ್ತು. ಅವನಿಗೆ ನನ್ನ ಮೇಲೆ ನಂಬಿಕೆ ಒಂದು ಕೂದಲಿನಷ್ಟೂ ಕಮ್ಮಿಯಾಗಿಲ್ಲ. ಬಸ್ಸಿನಲ್ಲಿ ನಾನು ಕೂಗಾಡಿದ ವಾರವೇ ಅವನ ಫೋನ್ ಬಂತು. ಉಬ್ರಾಣಿಯಿಂದ ಅವನ ಅತ್ತೆ ಬಂದು ಮನೆಯಲ್ಲಿದ್ದಾರೆ. ವಯಸ್ಸಾಗಿದೆ, ಸಕ್ಕರೆ ಕಾಯಿಲೆ ಇದೆ. ಹೊನ್ನಾಳಿಯಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಎಲ್ಲರೂ ಹೊರಟಿದ್ದಾರೆ.

"ಹೊಸದು ಬಂದೈತಂತಲ್ಲ ತಂಗಿ. ನಿಮ್ಮ ಇಲಿ ಏನಂತಾವೆ? ನಮ್ಮತ್ತೇನ ಕರ್ಕಂಡು ಹೋಗಬೌದಾ?"

"ನಂಗೆ ಗೊತ್ತಿಲ್ಲ ಅಣ್ಣ" ಎಂದೆ.

"ಗೊತ್ತಿಲ್ಲ ಅಂದ್ರೆ?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ. ಅವರನ್ನ ನೋಡೋ ಡಾಕ್ಟರನ್ನ ಕೇಳು."

"ಅಷ್ಟು ವರ್ಷ ಇಲಿ ಕಾದು ಗೊತ್ತಿಲ್ಲ ಅಂತೀಯಲ್ಲ. ಹೇಳಾಕೆ ಮನಸಿಲ್ಲ ಅನ್ನು. ಟೀಚರ್ ಆದ ಮ್ಯಾಲೆ ಭಾರಿ ದೊಡ್ಡೋಳಾಗೀಯ ಬಿಡು" ಎಂದು ಸಿಡುಕಿ ಫೋನ್ ಇಟ್ಟ. ಅತ್ತೆಯನ್ನು ಮನೆಯಲ್ಲೇ ಬಿಟ್ಟುಹೋದರು, ಅವರ ಜೊತೆಗೆಂದು ಅತ್ತಿಗೆಯೂ ಉಳಿದಳು, ಅದಕ್ಕೂ ಅವನಿಗೆ ನನ್ನ ಮೇಲೇ ಸಿಟ್ಟಂತೆ. ಈಗ ಹದಿನೈದು ದಿನವಾಯಿತು, ಮಾತು ಬಿಟ್ಟಿದ್ದಾನೆ.

ಮದುವೆಗೆಂದು ಕೇಳಿದ ಆ ಭಾನುವಾರವೂ ಅವನು ಹೀಗೇ ಸಿಡುಕಿ ಫೋನ್ ಇಟ್ಟು, ಇಷ್ಟು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದರೂ ಆಗುತ್ತಿತ್ತು. ದೊಡ್ಡವ್ವ ಮಧ್ಯೆ ಬಂದು ರಾಜಿ ಮಾಡಿಸುತ್ತಿದ್ದಳು.